ಡಾವ ಅಂಗಡಿಯ ಬೋರ್ಡು

ಬೆಳಿಗ್ಗೆ ಸಕ್ಕುಬಾಯಿ ಬಂದಾಗ ಅಂಗಡಿಯ ಹಣೆ ಬೋಳಾಗಿತ್ತು. ಬೋರ್ಡು ಇರಲಿಲ್ಲ. ಖಂಡೇನವಮಿಯ ಆಯುಧಪೂಜೆಗೆ ಅದಕ್ಕೆ ಹಾಕಿದ್ದ ಮಾಲೆಯೂ ಇರಲಿಲ್ಲ. ಶಟರಿನ ಕೀಲಿ ಮಾತ್ರ ಹಾಕಿದ ಹಾಗೇ ಇತ್ತು.

ನಿಪ್ಪಾಣಿ ಬಸ್‌ಸ್ಟ್ಯಾಂಡಿನ ಹಿಂದಿನ ವಿಡಿಯೋ ಗೇಮ್ ಅಂಗಡಿ ಅದು. ಹೆಸರು ‘ಡಾವ’. ಗೋಲಿ ಆಡುವವರಿಂದ ಇಸ್ಪೀಟು ಆಡುವವರ ತನಕ ಈ ಕಡೆ ಎಲ್ಲರ ಬಾಯಲ್ಲಿರುವ ಮಾತು. ಒಂದು ಸಲ ಆಡಿದರೆ ಒಂದು ಡಾವ. ಸಕ್ಕುಬಾಯಿಯ ಗಂಡ ಮುರಗೆಪ್ಪ ಇಟ್ಟ ಹೆಸರು. ಅವನು ಈಗಿಲ್ಲ.

ದೂರು ಕೊಟ್ಟ ಮೇಲೆ ಪೊಲೀಸ್ ಫೌಜದಾರ ಭೀಮಗೊಂಡ ಬಂದು ಮೇಲೆ ನೋಡಿದ.

“ಹಳೇ ತಗಡ ಹೋದ್ರ ಹೊಸಾದ ಬರೆಸ್ರಿ ಅಕ್ಕಾರ.”

“ಹೊಸಾದ ನಡಿಯಂಗಿಲ್ರಿ ಸಾಹೇಬ್ರ. ಹಳೇದ ಬೇಕು.”

ಮುಂಬಯಿಯ ಒಂದು ಗೇಮ್ ಕಂಪನಿ 1991ರಲ್ಲಿ ‘ಡಾವ’ ಎಂಬ ಮಾತನ್ನೇ ತನ್ನ ಟ್ರೇಡ್‌ಮಾರ್ಕ್ ಮಾಡಿಕೊಂಡಿತ್ತು. ಈಗ ಅವಳ ಮೇಲೆ ದಾವೆ. ಸೋತರೆ ಪರಿಹಾರ ಕೊಡಲು ಮಶಿನ್ನುಗಳನ್ನೇ ಮಾರಬೇಕು. ಹೆಸರು ಮೊದಲು ನಮ್ಮದಿತ್ತು ಎಂದು ತೋರಿಸಿದರೆ ಅಂಗಡಿ ಉಳಿಯುತ್ತದೆ ಎಂದು ವಕೀಲರು ಹೇಳಿದ್ದರು. ಬೋರ್ಡಿನ ಮೂಲೆಯಲ್ಲಿ ಪೇಂಟರ್ 1988 ಎಂದು ಬರೆದಿದ್ದ. ಆ ಪೇಂಟರೂ ತೀರಿಹೋಗಿದ್ದ. ಸೋಮವಾರ ಬೆಳಗಾವಿ ಕೋರ್ಟಿಗೆ ಬೋರ್ಡು ಒಯ್ಯಬೇಕಿತ್ತು.

“ಇದು ಯಾರಿಗೆಲ್ಲಾ ಗೊತ್ತಿತ್ತು?”

“ವಕೀಲರಿಗೆ. ಮತ್ತ ನಮ್ಮ ಮೈದುನ ರಾಜಾರಾಮಗ. ಅಂವ ಮನ್ಯಾಂವ್ರಿ. ಗುಜರಿ ಗುರಪ್ಪ ಮಾತ್ರ ದಿನಾ ಆ ತಗಡ ಕೇಳ್ತಿದ್ದ.”

* * *

ಗುರಪ್ಪ ಜೀಪು ನೋಡಿಯೇ ಬೆವೆತ. ಗುಜರಿ ರಾಶಿಯಲ್ಲಿ ಬೋರ್ಡು ಸಿಗಲಿಲ್ಲ.

“ತೂಕಕ್ಕ ಹಾಕಿದ್ರ ಚಹಾದ ರೊಕ್ಕ ಹುಟ್ಟಂಗಿಲ್ರಿ. ಅದಕ್ಕ ಯಾಂವ ಜೇಲಿಗೆ ಹೊಕ್ಕಾನ? ಮುಂಜಾನೆ ನಾನೂ ನೋಡೇನಿ. ಬೋರ್ಡ ಕೂಡಿಸಿದ್ದ ಕಟಗಿ ಪಟ್ಟಿಗೆ ಒಂದ ಗೆರಿ ಬಿದ್ದಿಲ್ಲ. ಸ್ಕ್ರೂ ಬಿಚ್ಚಿ ಇಳಿಸ್ಯಾರ. ನಾವಾದ್ರ ಹರಕೊಂಡ ಓಡ್ತೇವ್ರಿ.”

ಭೀಮಗೊಂಡ ನಗಲಿಲ್ಲ. ಅಂಗಡಿಯ ಕಡೆ ಜೀಪು ತಿರುಗಿಸಿದ.

* * *

“ಶಟರ್ ತಗೀರಿ.”

ಸಕ್ಕುಬಾಯಿ ಅಂದು ಮೊದಲ ಸಲ ಶಟರ್ ಎತ್ತಿದಳು. ಮಶಿನ್ನುಗಳ ಮೇಲುಗಡೆ ಮುರಗೆಪ್ಪನ ಫೋಟೋ. ಅದಕ್ಕೆ ಒಣಗಿದ ಚೆಂಡು ಹೂವಿನ ಮಾಲೆ. ನಡುನಡುವೆ ಬನ್ನಿ ಎಲೆ.

“ಇದನ್ನ ಯಾವಾಗ ಹಾಕೀರಿ?”

ಅವಳು ಬೆರಗಾಗಿ ನಿಂತಳು. “ನಾ ಹಾಕಿಲ್ರಿ. ಇದು ಬೋರ್ಡಿಂದು. ನಾನ ಕಟ್ಟಿದ ಮಾಲಿ.”

“ಬೋರ್ಡ ಹೊರಗ. ಮಾಲಿ ಕೀಲಿ ಹಾಕಿದ ಅಂಗಡಿ ಒಳಗ. ಇನ್ನೊಂದ ಕೀಲಿ ಯಾರ ಕಡೆ ಐತಿ?”

“ರಾಜಾರಾಮನ ಕಡೆ ಐತ್ರಿ,” ಎಂದಳು ಸಕ್ಕುಬಾಯಿ. ಪಕ್ಕದ ಸ್ಟೂಲಿನ ಮೇಲೆ ಕುಳಿತುಬಿಟ್ಟಳು.

* * *

ರಾಜಾರಾಮನ ಹಿತ್ತಲಲ್ಲಿ, ಜೋಳದ ಕಣಿಕೆಯ ಬಣವೆಯ ಹಿಂದೆ ಬೋರ್ಡು ಸಿಕ್ಕಿತು.

“ಕಳ್ಳ ಆದಾಂವ ಮಾಲಿ ಬೀದಿಗೆ ಒಗೀತಿದ್ದ,” ಎಂದ ಭೀಮಗೊಂಡ. “ನೀ ಒಳಗ ಹೋಗಿ ಅಣ್ಣನ ಫೋಟೋಕ್ಕ ಹಾಕೀದಿ. ಯಾಕಲೇ?”

“ಪೂಜಾ ಮಾಡಿದ ಹೂವ್ರಿ. ಮಂದಿ ತುಳೀತಾರಂತ ಒಗ್ಯಾಕ ಮನಸ ಬರಲಿಲ್ಲ.”

“ವೈನೀನ ಬೀದಿಗೆ ಒಗ್ಯಾಕ ಬಂತೇನು?”

ರಾಜಾರಾಮ ಅತ್ತಿಗೆಯ ಮುಂದೆ ತಲೆ ತಗ್ಗಿಸಿದ. ಬೋರ್ಡು ಕೋರ್ಟಿಗೆ ಬರದ ಹಾಗೆ ಮಾಡಿದರೆ ಚಿಕ್ಕೋಡಿ, ರಾಯಬಾಗ ಎರಡೂ ಕಡೆಯ ತಮ್ಮ ಗೇಮುಗಳ ಏಜೆನ್ಸಿ ಕೊಡುತ್ತೇವೆ ಎಂದು ಕಂಪನಿಯವರು ಆಸೆ ತೋರಿಸಿದ್ದರು. “ಹೆಂಗಿದ್ರೂ ಸೋಲೂ ಕೇಸ, ವೈನಿ. ಮನ್ಯಾಗ ಒಬ್ಬರಾದ್ರೂ ಉಳೀಲಿ ಅಂದ್ನಿ.”

ಸಕ್ಕುಬಾಯಿ ಅವನತ್ತ ನೋಡಲೇ ಇಲ್ಲ. ಬೋರ್ಡನ್ನು ಬೆಳಕಿಗೆ ತಿರುಗಿಸಿದಳು. ಅಕ್ಷರಗಳು ಹಾಗೇ ಇದ್ದವು. ಮೂಲೆಯನ್ನು ಮಾತ್ರ ಪಾಲಿಶ್ ಪೇಪರಿನಿಂದ ತಿಕ್ಕಿದ್ದ. 1988 ಇದ್ದಲ್ಲಿ ಬರೀ ತಗಡು ಹೊಳೆಯುತ್ತಿತ್ತು.

ಭೀಮಗೊಂಡ ರಾಜಾರಾಮನ ತೋಳು ಹಿಡಿದ.

“ಜೀಪ ಹತ್ತು. ಮುಗೀತು ನಿನ್ನ ಡಾವ.”

ಸಕ್ಕುಬಾಯಿ ಮೂಲೆಯ ಮೇಲಿಟ್ಟ ಕೈ ತೆಗೆಯಲಿಲ್ಲ.

“ಆ ಮಾತ ಆಡಬ್ಯಾಡ್ರಿ ಸಾಹೇಬ್ರ,” ಎಂದಳು. “ಅದು ಈಗ ಕಂಪನೀದು.”