ಟ್ರೇನ್ ಸಿಗಲಿಲ್ಲ

ಕಣ್ಣಿನ ಪಟ್ಟಿ ಬಿಚ್ಚುವಷ್ಟರಲ್ಲಿ ಕಬ್ಬಿಣದ ಬಾಗಿಲು ಹೊರಗಿನಿಂದ ಮುಚ್ಚಿತ್ತು. ಸ್ನೇಹಲ್‌ಳ ಎಡಗೈಗೊಂದು ಸರಪಳಿ. ಅದರ ಇನ್ನೊಂದು ತುದಿ ಯಾರ ಕೈಯಲ್ಲಿದೆ ಎಂದು ಲಾಂದ್ರದ ಬೆಳಕಿನಲ್ಲಿ ನೋಡಿದಳು.

ಯೋಗೀಶ್...!

ಯಾರ ಮುಖ ಮತ್ತೆ ನೋಡಬಾರದು ಎಂದುಕೊಂಡಿದ್ದಳೋ ಅವನೇ!

ಕ್ವಾಲಾಲಂಪುರದ ಮಾಲೊಂದರ ಎಸ್ಕೇಪ್ ರೂಮ್ ಅದು. ಹಳೆಯ ತವರದ ಗಣಿಯಂತೆ ಕಟ್ಟಿದ ಕೋಣೆ. ಕಣ್ಣು ಕಟ್ಟಿ, ಇಬ್ಬಿಬ್ಬರನ್ನು ಸರಪಳಿಯಲ್ಲಿ ಜೋಡಿಸಿ ಒಳಗೆ ಬಿಡುತ್ತಾರೆ. ಸುಳಿವು ಹುಡುಕಿ ಹೊರಬರಬೇಕು. ತನ್ನ ಮದುವೆಗೆ ಮುಂಚೆ ಗೆಳೆಯರನ್ನೆಲ್ಲ ಕಟ್ಟಿಕೊಂಡು ಪ್ರವಾಸ ಬಂದ ಗೆಳತಿ ಸೋನಾಲಿಯದೇ ಈ ಕಿತಾಪತಿ. ಯೋಗೀಶ್ ಸೋನಾಲಿಯ ದೊಡ್ಡಪ್ಪನ ಮಗ; ಅವನನ್ನು ಬೇರೆ ವಿಮಾನದಲ್ಲಿ ಗುಟ್ಟಾಗಿ ಕರೆಸಿದ್ದಳು.

"ನೀ ಇರ್ತೀ ಅಂತ ಗೊತ್ತಿರಲಿಲ್ಲ" ಎಂದ ಮೆಲ್ಲಗೆ.

"ಗೊತ್ತಿದ್ರ ನಾನೂ ಬರ್ತಿರಲಿಲ್ಲ."

ಕಳೆದ ವರ್ಷ ಇವರಿಬ್ಬರ ನಿಶ್ಚಿತಾರ್ಥಕ್ಕೆ ದಿನ ಗೊತ್ತಾಗಿತ್ತು. ಆಗಲೇ ಒಂದು ಸಂಜೆ ಅವಳ ಅಪ್ಪ ವೀರಭದ್ರಪ್ಪನವರಿಗೆ ಎದೆನೋವು. ಮುಂಬೈ ಹತ್ತಿರದ ಕಲ್ಯಾಣದ ಆಸ್ಪತ್ರೆಯಲ್ಲಿ ಒಬ್ಬಳೇ ನಿಂತು ಯೋಗೀಶನಿಗೆ ಫೋನ್ ಮಾಡಿದ್ದಳು. ಕೋಪರಖೈರಣೆಯಿಂದ ಹೊರಟವನು ಠಾಣೆ ಸ್ಟೇಷನ್ನಿನಲ್ಲಿ ಟ್ರೇನ್ ಬದಲಿಸಿ, ನಡುರಾತ್ರಿ ಬಂದು ಮುಟ್ಟುವ ಹೊತ್ತಿಗೆ ಅಪ್ಪ ಅಪಾಯದಿಂದ ಪಾರಾಗಿ ನಿದ್ದೆ ಹೋಗಿದ್ದರು.

"ಠಾಣೆದಾಗ ಟ್ರೇನ್ ಸಿಗಲಿಲ್ಲ" ಎಂದಿದ್ದ. ಅಷ್ಟೇ.

ಠಾಣೆಯಲ್ಲಿ ಟ್ರೇನ್ ಸಿಗಲಿಲ್ಲವಂತೆ! ಒಂದು ಲೋಕಲ್ ಹೋದರೆ ಬೆನ್ನಿಗೇ ಇನ್ನೊಂದು ಬರುವ ಊರು. ಹೂ ಇಡಲಿಕ್ಕೆ ಇವನಿಗೆ ಅವಳ ಕಿವಿಯೇ ಬೇಕಿತ್ತೇ?

"ಬರೋ ಮನಸ್ಸಿದ್ದವರಿಗೆ ಟ್ರೇನ್ ಸಿಗ್ತದ" ಎಂದು ಆಸ್ಪತ್ರೆಯ ಬಾಗಿಲಲ್ಲೇ ಸಂಬಂಧ ಮುರಿದಿದ್ದಳು. ಆಮೇಲೆ ಕಂಡಕಂಡವರ ಮುಂದೆ ಹೊಣೆಗೇಡಿ ಎಂದೂ ಆಡಿದ್ದಳು. ಅವನು ತಿರುಗಿ ಒಂದು ಮಾತೂ ಆಡಿರಲಿಲ್ಲ.

ಈಗ ಅವನು ಲಾಂದ್ರ ಎತ್ತಿಕೊಂಡ. ಇಬ್ಬರೂ ಸುಳಿವು ಹುಡುಕಿದರು. ಕೊನೆಯ ಕೀಲಿ ಗಣಿಯ ಲಿಫ್ಟಿನೊಳಗಿತ್ತು. ಇಬ್ಬರೇ ಮೈಗೆ ಮೈ ತಾಗಿ ನಿಲ್ಲಬಹುದಾದ ಕಬ್ಬಿಣದ ಪೆಟ್ಟಿಗೆ.

ಯೋಗೀಶ್ ಹೊಸ್ತಿಲಲ್ಲೇ ನಿಂತ. "ನೀ ಹೋಗಿ ತಗೊಂಡು ಬಾ."

"ಸರಪಳಿ ಕಟ್ಟ್ಯಾರ, ಕಾಣಂಗಿಲ್ಲೇನು?" ಅವನ ಮುಖ ನೋಡದೆ ಕುಟುಕಿದಳು. "ಇಲ್ಲೂ ಟ್ರೇನ್ ಸಿಗಲಿಲ್ಲೇನು?"

ಅವನು ಒಳಗೆ ಬಂದ.

ಬಾಗಿಲು ಸರಿದು ಮುಚ್ಚಿಕೊಂಡಿತು. ಕತ್ತಲೆ... ಪೆಟ್ಟಿಗೆ ಅಲುಗತೊಡಗಿತು. ಸರಪಳಿ ಗಲಗಲ ಸದ್ದು ಮಾಡುತ್ತಿತ್ತು. ಕೀಲಿ ಸಿಕ್ಕು ಪೆಟ್ಟಿಗೆ ನಿಂತ ಮೇಲೂ ಆ ಸದ್ದು ನಿಲ್ಲಲಿಲ್ಲ.

ಅದು ಅವನ ಕೈ ನಡುಗುವ ಸದ್ದು ಎಂದು ಆಗ ಅವಳಿಗೆ ತಿಳಿಯಿತು.

"ಯೋಗೀಶ್?"

ಮುಟ್ಟಿದರೆ ಅಂಗಿಯೆಲ್ಲ ಬೆವರಿನಿಂದ ಒದ್ದೆ. ಉಸಿರು ತುಂಡುತುಂಡಾಗಿ ಬರುತ್ತಿತ್ತು. ಸ್ನೇಹಲ್ ಕೀಲಿ ಎಸೆದು, ಗೋಡೆ ತಡವಿ, ಆಟ ನಿಲ್ಲಿಸುವ ಕೆಂಪು ಗುಂಡಿ ಒತ್ತಿದಳು.

"ಅರೇ, ಜಿಂಕನೇ ವಾಲೀ ಥೀ ತೂ!" ಗೆದ್ದೇಬಿಡುತ್ತಿದ್ದೆಯಲ್ಲೇ ಎಂದು ಓಡಿಬಂದ ಸೋನಾಲಿ, ಅಣ್ಣನ ಮುಖ ನೋಡಿ ನೀರು ತರಲು ಓಡಿದಳು.

ಮಾಲಿನ ಮೆಟ್ಟಿಲ ಮೇಲೆ ಕುಳಿತ ಮೇಲೆ ಅವನ ಉಸಿರು ತಹಬಂದಿಗೆ ಬಂತು.

"ಈ ಅಂಜಿಕಿ ಯಾವಾಗಿಂದ?" ಎಂದಳು.

"ಕಾಲೇಜಿನ್ಯಾಗ. ಡೊಂಬಿವಲಿ ಲೋಕಲ್ ಟ್ರೇನಿನ ಗರ್ದಿಯೊಳಗ ಸಿಕ್ಕು ಕೆಳಗ ಬಿದ್ದಿದ್ದೆ. ನನ್ನ ಮ್ಯಾಲೆ ಜನ ನಿಂತಿದ್ರು." ಸೋತ ನಗೆ ನಕ್ಕ. "ಮುಂಬೈದಾಗ ಹುಟ್ಟಿದ ಗಂಡಸು ಲೋಕಲಿಗೆ ಅಂಜತಾನ ಅಂದ್ರ ನಗೂದಿಲ್ಲೇನು?"

"ಹಂಗಾದ್ರ ಅವತ್ತು... ಹೆಂಗ ಬಂದಿ?"

"ಕಲ್ಯಾಣಕ್ಕ ರಿಕ್ಷಾದವರು ಯಾರೂ ಬರಲಿಲ್ಲ. ಒಂದೊಂದು ಸ್ಟೇಷನ್. ಹತ್ತೂದು, ತಡಕೊಳ್ಳಾಕ ಆಗಲಾರದ ಇಳಿಯೂದು. ಕಳವಾದಾಗ ಇಳಿದೆ. ಮುಂಬ್ರಾ, ದಿವಾ, ಕೋಪರ್..."

ಮುಂದಿನದು ಅವಳಿಗೆ ಹೇಳಬೇಕಿರಲಿಲ್ಲ. ದಿನವೂ ಓಡಾಡುವ ದಾರಿ. ಡೊಂಬಿವಲಿ, ಠಾಕುರ್ಲಿ, ಕಲ್ಯಾಣ... ಪ್ರತಿ ಸ್ಟೇಷನ್ನಿನಲ್ಲೂ ಬೆವರಿ ಇಳಿದು, ಮತ್ತೆ ಅದೇ ಗರ್ದಿಗೆ ಮೈಯೊಡ್ಡಿದ ಅವನು ಕಣ್ಣಿಗೆ ಕಟ್ಟಿದ.

'ಅಷ್ಟು ಮಾಡಿ ಬಂದವನಿಗೆ ನಾನೇನಂದೆ... ಇವತ್ತೂ ಏನಂದೆ!' ಇಂದಂತೂ ತಾನೇ ಅವನನ್ನು ಆ ಪೆಟ್ಟಿಗೆಗೆ ದೂಡಿದ್ದಳು.

"ಮಾಫಿ ಕೇಳಾಕೂ ನಂಗ ಬಾಯಿಲ್ಲ" ಎಂದು ಅತ್ತಳು. "ಯಾರ್ಯಾರ ಮುಂದ ಹೊಣೆಗೇಡಿ ಅಂದೀನೋ, ಅವರ ಮುಂದನ ಹೋಗಿ ತಪ್ಪು ನಂದು ಅಂತೀನಿ. ಮೊದಲು ಅಪ್ಪಗ ಹೇಳತೀನಿ. ನೀ... ಇನ್ನೊಮ್ಮೆ ಮನಿಗೆ ಬರ್ತೀಯೇನು?"

ಅವನು ಸರಪಳಿಯ ಗುರುತು ಬಿದ್ದ ಕೈ ಸವರಿಕೊಂಡ.

"ಬರ್ತೀನಿ. ತಡ ಆಗ್ತದ."

ಊರಿಗೆ ಮರಳಿದ ವಾರವೇ, ಅಪ್ಪನಿಗೆ ಎಲ್ಲ ಹೇಳಿದ ಮೇಲೆ, ಒಂದು ಸಂಜೆ ಅವನನ್ನು ಕರೆದುಕೊಂಡು ಹೋಗಲು ಸ್ನೇಹಲ್ ಠಾಣೆಗೆ ಬಂದಳು. ರಿಕ್ಷಾ ಮಾಡೋಣ ಎಂದರೆ ಅವನೇ ಒಪ್ಪಲಿಲ್ಲ. ಕಳವಾದಲ್ಲಿ ಅವನೊಂದಿಗೆ ಇಳಿದಳು. ಮುಂಬ್ರಾದಲ್ಲೂ ಇಳಿದಳು. ದಿವಾದ ಬಾಕಿನ ಮೇಲೆ ಕುಳಿತಿದ್ದಾಗ ಫೋನ್ ಬಂತು.

"ಎಲ್ಲಿದ್ದಿ ಮಗಳ? ಅವ್ವ ಹೋಳಿಗಿ ಮಾಡಿ ಕಾಯಾಕತ್ತಾಳ" ಎಂದರು ವೀರಭದ್ರಪ್ಪನವರು.

"ಟ್ರೇನ್ ಸಿಗಲಿಲ್ಲ, ಅಪ್ಪಾ."

"ಠಾಣೆದಾಗ ಟ್ರೇನ್ ಸಿಗಲಿಲ್ಲಂದ್ರ ಯಾರು ನಂಬತಾರವ್ವಾ?" ಅಪ್ಪ ನಕ್ಕರು.

ಸ್ನೇಹಲ್ ಯೋಗೀಶನ ಕೈ ಹಿಡಿದುಕೊಂಡಳು. ಅದು ಇನ್ನೂ ಸಣ್ಣಗೆ ನಡುಗುತ್ತಿತ್ತು.

"ನಾ ನಂಬತೀನಿ" ಎಂದಳು.