ಮಂಗಳವಾರದ ಮಿನುಗು

"ಇದು ಶುದ್ಧ ನಕಲು!" ಪ್ರೊಫೆಸರ್ ಮೇಜು ಗುದ್ದಿದರು.

ಪರದೆಯ ಮೇಲೆ, ಸೂಕ್ಷ್ಮದರ್ಶಕ ರಾತ್ರಿಯಿಡೀ ತೆಗೆದ ಚಿತ್ರಗಳಲ್ಲಿ, ನಲವತ್ತು ಜೀವಕೋಶಗಳು ಹಸಿರಾಗಿ ಮಿನುಗುತ್ತಿದ್ದವು. ಸೋಮವಾರ ರಾತ್ರಿ ಹೇಗೋ ಮಂಗಳವಾರ ರಾತ್ರಿಯೂ ತದ್ವತ್ ಹಾಗೆಯೇ. ಸಂಶೋಧಕಿ ಹುಡುಗಿಯ ಮುಖ ಬಿಳಿಚಿಕೊಂಡಿತು. ಸಂಜೆಯೊಳಗೆ ನಿಜ ಹೊರಬರದಿದ್ದರೆ ಅವಳ ಮೂರು ವರ್ಷದ ದುಡಿಮೆ ನೀರುಪಾಲು.

ಭದ್ರತಾ ಅಧಿಕಾರಿಯನ್ನು ಕರೆಸಿದರು. ಪೊಲೀಸ್ ಕೆಲಸ ಬಿಟ್ಟು ವರ್ಷಗಳಾಗಿದ್ದರೂ ಎಲ್ಲರಿಗೂ ಆಕೆ ಇನ್‌ಸ್ಪೆಕ್ಟರಮ್ಮನೇ.

"ಎಲ್ಲದರಲ್ಲೂ ಇರೋದು ಒಂದೇ ಜೀನು. ದಿನಾ ಒಂದೇ ಥರ ಮಿನುಗಿದ್ರೆ ತಪ್ಪೇನಮ್ಮಾ?"

"ಜೀನು ಒಂದೇ, ಮೇಡಂ. ಆದ್ರೆ ಪ್ರತಿ ಕೋಶಕ್ಕೂ ಅದರದೇ ಹುಚ್ಚು. ಒಂದು ಬೆಳಗುತ್ತೆ, ಪಕ್ಕದ್ದು ಸುಮ್ಮನಿರುತ್ತೆ. ಯಾವಾಗ ಅಂತ ಯಾರಿಗೂ ಹೇಳೋಕಾಗಲ್ಲ. ನಾನು ಓದ್ತಿರೋದೇ ಅದನ್ನ. ನಾನೇ ಇಂಥ ನಕಲು ಮಾಡ್ತೀನಾ?" ಹುಡುಗಿ ಬಿಕ್ಕಿದಳು.

ಎಲ್ಲರೂ ದೊಡ್ಡಪ್ಪ ಎನ್ನುವ ಹಿರಿಯ ಸಹಾಯಕ ನೀರು ತಂದುಕೊಟ್ಟರು. ಕೊಟ್ಟವರೇ ಪರದೆಗೆ ಬೆನ್ನು ಹಾಕಿ ನಿಂತರು.

ಪಕ್ಕದ ಮೇಜಿನ ಸಹಪಾಠಿಗೂ ಅವಳಿಗೂ ಎಣ್ಣೆ ಸೀಗೆಕಾಯಿ. ಅನುಮಾನ ಮೊದಲು ಅವನ ಮೇಲೆಯೇ ಹೋಯಿತು. ವಿಚಾರಿಸಿದರೆ, ಆಸಾಮಿ ವಾರವಿಡೀ ರಜೆಯಲ್ಲಿದ್ದ.

*

ಇನ್‌ಸ್ಪೆಕ್ಟರಮ್ಮ ತಮ್ಮ ಗಸ್ತು ಪುಸ್ತಕ ತಿರುವಿದರು. ಬುಧವಾರ, ಬೆಳಗ್ಗೆ ಆರು ಗಂಟೆ. ಅವರದೇ ಅಕ್ಷರ: "ಸೂಕ್ಷ್ಮದರ್ಶಕಕ್ಕೆ ಹೊದಿಕೆ ಹಾಕಲಾಗಿದೆ. ಎಲ್ಲ ಸರಿ."

ಮುಸುಕು ಹೊದ್ದ ಯಂತ್ರ ರಾತ್ರಿಯಿಡೀ ಚಿತ್ರ ತೆಗೆದದ್ದು ಹೇಗೆ?

*

"ದೊಡ್ಡಪ್ಪ, ಇಲ್ಲಿ ಹೊದಿಕೆ ಹಾಕೋರು ಯಾರು?"

"ನಾನೇ. ಮೂವತ್ತು ವರ್ಷದಿಂದ. ಸ್ವಿಚ್ ಆರಿಸಿ, ಹೊದಿಸಿ, ಬೀಗ ಹಾಕ್ತೀನಿ. ರಾತ್ರಿ ಚಿತ್ರ ತೆಗೆಯೋ ದಿನ ಮಾತ್ರ ಹಾಗೇ ಬಿಡ್ತೀನಿ."

"ಮಂಗಳವಾರಾನೂ?"

ದೊಡ್ಡಪ್ಪ ಕುರ್ಚಿ ಎಳೆದುಕೊಂಡು ಕುಳಿತರು. "ಅಭ್ಯಾಸಬಲ. ಕೈ ತಾನಾಗೇ ಆರಿಸಿಬಿಡ್ತು. ಬೆಳಗ್ಗೆ ನೋಡಿದ್ರೆ ಚಿತ್ರಾನೇ ಇಲ್ಲ. ಮಗು ಎದೆ ಒಡ್ಕೊಳ್ಳುತ್ತೆ ಅಂತ ಸೋಮವಾರದ್ದನ್ನೇ ಅಲ್ಲಿ ತುಂಬಿದೆ. ಒಂದೇ ಜೀನಲ್ವಾ, ಒಂದೇ ಥರ ಇರುತ್ತೆ ಅಂದ್ಕೊಂಡೆ. ಅವಳ ಮೇಲೆ ಅಪವಾದ ಬಂದಾಗ ನಾಲಿಗೆ ಏಳಲಿಲ್ಲ, ತಾಯಿ."

ಇನ್‌ಸ್ಪೆಕ್ಟರಮ್ಮ ಪ್ರೊಫೆಸರ್ ಕಡೆ ತಿರುಗಿದರು. "ಹೊದಿಕೆ ಅರ್ಧ ಹೇಳ್ತು. ಈ ಮಿನುಗು ಮತ್ತೆ ಹಾಗೇ ಬರಲ್ಲ ಅಂತ ಓದಿದೋರಿಗೆಲ್ಲ ಗೊತ್ತು. ಗೊತ್ತಿಲ್ಲದೋರು ಇಬ್ಬರೇ. ಒಬ್ಬಳು ನಾನು."

ಪ್ರೊಫೆಸರ್ ತಲೆತಗ್ಗಿಸಿ ಹುಡುಗಿಯ ಕ್ಷಮೆ ಕೇಳಿದರು. ಅವಳು ಕೇಳಿಸಿಕೊಳ್ಳಲೇ ಇಲ್ಲ. ದೊಡ್ಡಪ್ಪನ ಕೈ ಹಿಡಿದುಕೊಂಡು ಕುಳಿತಿದ್ದಳು. "ಒಂದು ರಾತ್ರಿ ಖಾಲಿ ಬಿಟ್ರೆ ಏನೂ ಆಗಲ್ಲ ದೊಡ್ಡಪ್ಪ. ನನ್ನನ್ನೇ ಕೇಳಬಾರದಿತ್ತಾ?"

*

ಮರುದಿನ ಬೆಳಗಿನ ಗಸ್ತಿನಲ್ಲಿ ಇನ್‌ಸ್ಪೆಕ್ಟರಮ್ಮ ಗಾಜಿನಾಚೆ ಇಣುಕಿದರು. ಸ್ವಿಚ್ಚಿನ ಮೇಲೊಂದು ಚೀಟಿ: "ದೊಡ್ಡಪ್ಪ, ಇವಿನ್ನೂ ಮಲಗಿಲ್ಲ." ದೊಡ್ಡಪ್ಪ ಆಗಲೇ ಬಂದು ಹುಡುಗಿಯ ಪಕ್ಕ ಕುಳಿತಿದ್ದರು. ಮಡಿಸಿದ ಹೊದಿಕೆ ಕಂಕುಳಲ್ಲಿತ್ತು. ಮೂಲೆಯ ಕೋಶವೊಂದು ಫಕ್ಕನೆ ಬೆಳಗಿದಾಗ ಇಬ್ಬರೂ ಒಟ್ಟಿಗೇ ನಕ್ಕರು.

ಇನ್‌ಸ್ಪೆಕ್ಟರಮ್ಮನ ಕಣ್ಣು ಮಂಜಾಯಿತು. ಒರೆಸಿಕೊಂಡು ಪುಸ್ತಕ ತೆಗೆದು ಬರೆದರು: "ಹೊದಿಕೆ ಹಾಕಿಲ್ಲ. ಎಲ್ಲ ಸರಿ."