ಹೇಳಿ ದೊರೆ

ಕೊಡಗು ಇನ್ನೂ ತನ್ನಷ್ಟಕ್ಕೆ ತಾನೇ ಒಂದು ರಾಜ್ಯವಾಗಿದ್ದ ಕಾಲ. ಪಾಲಿಬೆಟ್ಟದ ನಮ್ಮ ಕಾಫಿ ಎಸ್ಟೇಟಿಗೆ ಲೆಕ್ಕ ಬರೆಯುವ ಹೊಸ ರೈಟರು ಬಂದ ದಿನ ಮಾದಕ್ಕ ಬೇಕೆಂದೇ ಪದ ಎತ್ತಿದಳು.

"ಹೇಳಿ ದೊರೇ... ಹೇಳಿ ದೊರೇ..."

ಹಣ್ಣು ಕೀಳುತ್ತಿದ್ದ ಹೆಂಗಸರೆಲ್ಲ ಗಿಡಗಳ ಸಂದಿಯಿಂದ ದನಿ ಸೇರಿಸಿದೆವು. ರೈಟರು ನಿಂತರು, ಟೋಪಿ ತೆಗೆದರು. ಕಿವಿ ಕೆಂಪಾಗಿತ್ತು.

"ನನ್ನ ಹೆಸ್ರು ಸೋಮಯ್ಯ. ಊರು ಕರಿಕೆ. ಇನ್ನೇನ್ ಹೇಳ್ಲಿ?"

ನಗು ತಡೆಯಲಾಗದೆ ನನ್ನ ಬುಟ್ಟಿಯ ಹಣ್ಣು ಚೆಲ್ಲಿತು. ಅವರೇ ಬಗ್ಗಿ ಆರಿಸಿಕೊಟ್ಟರು. ನನಗೆ ಅಯ್ಯೋ ಪಾಪ ಅನಿಸಿತು.

"ಅದು ನಿಮ್ಗಲ್ಲ ರೈಟ್ರೇ. ಹಿಂದೆ ಈ ಎಸ್ಟೇಟಿಗೆ ಹೇಳಿ ಅಂತ ಒಬ್ಬ ಬಿಳಿ ದೊರೆ ಇದ್ದ. ಐರ್ಲೆಂಡ್ ಕಡೆಯೋನು, ಇಂಗ್ಲೀಷಿನೋನು ಅಂದ್ರೆ ಸಿಟ್ಟಿಗೇಳ್ತಿದ್ನಂತೆ."

"ಹೇಳಿ ಅಂತ ಹೆಸರಾ?"

"ಅವ್ನ ಮನೆತನದ ಹೆಸ್ರು, ನಮ್ ಬಾಯಲ್ಲಿ ಹಂಗಾಯ್ತು. ನಮ್ಮ ಕೂಲಿ ಲೈನಿನ ಹುಡುಗಿ ಬೊಳ್ಳಿ ಮೇಲೆ ಮನಸಿಟ್ಟಿದ್ದ. ಒಂದಿನ ಹೇಳದೆ ಕೇಳದೆ ಹಡಗು ಹತ್ತಿಬಿಟ್ಟ. 'ಹೇಳಿ ದೊರೆ ಹೇಳದೆ ಹೋದ' ಅಂತ ಪದ ಕಟ್ಟವ್ರೆ."

"ಬೊಳ್ಳಿ ಏನಾದ್ಲು?" ಎಂದರು.

ಈ ಕಥೆ ಕೇಳಿದವರೆಲ್ಲ ದೊರೆಯ ವಿಚಾರವನ್ನೇ ಕೇಳುತ್ತಿದ್ದರು. ಬೊಳ್ಳಿಯನ್ನು ಕೇಳಿದವರು ಇವರೊಬ್ಬರೇ. ನನ್ನ ಮನಸ್ಸು ಅವರ ಮೇಲೆ ಬಿದ್ದದ್ದು ಅಲ್ಲೇ.

ಆಮೇಲೆ ಸಂಜೆ ಹಣ್ಣು ಅಳೆಯುವಾಗ ನನ್ನ ಸರದಿ ಬಂದರೆ ಮೆಲ್ಲಗೆ "ಹೇಳಿ ದೊರೆ" ಅನ್ನುತ್ತಿದ್ದೆ. ಅವರು ತಲೆ ಎತ್ತದೆ, ತುಟಿಯಂಚಿನಲ್ಲಿ ನಗುತ್ತಾ "ಹೇಳದೆ ಹೋದ" ಅನ್ನುತ್ತಿದ್ದರು. ನಮ್ಮಿಬ್ಬರ ಮಾತು ಅಷ್ಟೇ. ಅವ್ವ ಸತ್ತ ಮೇಲೆ ಲೈನಿನ ನಮ್ಮ ಕೋಣೆಯಲ್ಲಿ ನಾನೊಬ್ಬಳೇ. ಆ ಎರಡು ಮಾತು ಹಿಡಿದುಕೊಂಡು ಒಲೆ ಮುಂದೆ ಕೂತರೆ ಅನ್ನ ಸೀದದ್ದೂ ಗೊತ್ತಾಗುತ್ತಿರಲಿಲ್ಲ.

ಆ ವರ್ಷದ ಹಣ್ಣು ಕೀಳುವ ಪಿಕಿಂಗ್ ಮುಗಿಯಿತು. ಒಂದು ಬೆಳಿಗ್ಗೆ ಗೇಟಿನ ಹತ್ತಿರ ಲಾರಿ ನಿಂತಿತ್ತು, ಮೇಲೆ ಅವರ ಟ್ರಂಕು.

"ಹೊರಟ್ರಾ ರೈಟ್ರೇ?"

"ಹ್ಞೂಂ ಕಾಮಾಕ್ಷಿ. ಊರಲ್ಲಿ ಸೋದರಮಾವನ ತೋಟ ನೋಡೋರಿಲ್ಲ. ಇನ್ನು ಅಲ್ಲೇ."

ಒಂದು ಕಾಲು ಲಾರಿಯ ಮೆಟ್ಟಿಲ ಮೇಲಿಟ್ಟರು, ಹತ್ತಲಿಲ್ಲ. ನನ್ನ ಮುಖ ನೋಡಿದರು, ಬಳೆ ನೋಡಿದರು, ಮತ್ತೆ ಮುಖ ನೋಡಿದರು. ಬಾಯಿ ತೆರೆದು ಮುಚ್ಚಿದರು. ಒಳಗೊಂದು ಮಾತಿದೆ ಎಂದು ನನಗೆ ಖಂಡಿತವಾಗಿ ಗೊತ್ತಾಯಿತು. ಬಾ ಅಂದಿದ್ದರೆ ಉಟ್ಟ ಸೀರೆಯಲ್ಲೇ ಹೊರಡುತ್ತಿದ್ದೆ. ನಾಚಿಕೆ ಬಿಟ್ಟು, ಇದ್ದ ಧೈರ್ಯವೆಲ್ಲ ಒಟ್ಟುಮಾಡಿ ಕೇಳಿದೆ.

"ಹೇಳಿ."

ಅವರ ಮುಖ ಒಂದು ಗಳಿಗೆ ಬಾಡಿತು. ಆಮೇಲೆ ಹಣ್ಣು ಅಳೆಯುವಾಗಿನ ಅದೇ ನಗು ತಂದುಕೊಂಡರು.

"ಹೇಳದೆ ಹೋದ" ಎಂದು ಲಾರಿ ಹತ್ತಿದರು.

ಪದ ಅಲ್ಲ ರೈಟ್ರೇ, ನಿಮ್ಮನ್ನೇ ಕೇಳಿದ್ದು ಎಂದು ಕೂಗಬೇಕಿತ್ತು. ಲಾರಿ ತಿರುವು ದಾಟಿದ ಮೇಲೂ ನಾನು ಗೇಟು ಹಿಡಿದು ನಿಂತೇ ಇದ್ದೆ. ಹೇಳಿ ಅಂದರೆ ಬರೀ ಹೆಸರು ಎಂದು ಅವರಿಗೆ ಕಲಿಸಿದವಳು ನಾನೇ ಅಲ್ಲವೇ.

ಮರುವರ್ಷ ಇನ್ನೊಬ್ಬ ರೈಟರು ಬಂದರು. ಮಾದಕ್ಕ ಪದ ಎತ್ತಿದಳು. ಅವರೂ ಕೆಂಪಾಗಿ ಹೆಸರು, ಊರು ಒಪ್ಪಿಸಿದರು. ಎಲ್ಲರೂ ನಕ್ಕರು.

"ಯಾಕಕ್ಕ ನಗ್ತಾರೆ?" ಎಂದು ನನ್ನನ್ನು ಕೇಳಿದರು.

"ಏನಿಲ್ಲ ರೈಟ್ರೇ," ಎಂದೆ. "ಹೇಳಿ ಅಂದ್ರೆ ಹೇಳ್ಬಿಡಿ, ಅಷ್ಟೇ."